ಭೂವಿಜ್ಞಾನಿ ಹುದ್ದೆಯ ಸಂದರ್ಶನ: ಕಲ್ಲು ಕೈಗೆ ಕೊಟ್ಟಾಗ

ಮೇಜಿನ ಮೇಲೊಂದು ಕಲ್ಲಿಟ್ಟು ‘ಇದೇನು, ನೋಡಿ ಹೇಳಿ’ ಎಂದರೆ ಹೆಚ್ಚಿನವರು ಎಡವುವುದು ಒಂದೇ ಕಡೆ. ಕಲ್ಲನ್ನು ತಿರುಗಿಸಿಯೂ ನೋಡದೆ ಹೆಸರು ಹೇಳಿಬಿಡುತ್ತಾರೆ. ಹೆಸರು ಕೊನೆಗಿರಲಿ. ಮೊದಲು ಹೊಸದಾಗಿ ಒಡೆದ ಮುಖ ಹುಡುಕಿ. ಮಳೆ ಬಿಸಿಲಿಗೆ ಮಾಸಿದ ಮುಖದ ಬಣ್ಣ ನಂಬುವಂತಿಲ್ಲ. ಆಮೇಲೆ ಬಣ್ಣ, ಕಣದ ಗಾತ್ರ, ಖನಿಜಗಳು, ಒಂದೊಂದೂ ಅಂದಾಜು ಶೇಕಡಾ ಎಷ್ಟು ಎಂಬುದು. ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಕಲ್ಲನ್ನು ಅದರ ಬಳಿಗೆ ತನ್ನಿ. ಬೆಳಕಿಗೆ ಹೊರಳಿಸಿದಾಗ ಚಪ್ಪಟೆ ಮುಖ ಫಳಕ್ಕನೆ ಹೊಳೆದರೆ ಫೆಲ್ಡ್‌ಸ್ಪಾರ್. ಗಾಜಿನ ಚೂರಿನಂತೆ ಅಡ್ಡಾದಿಡ್ಡಿ ಒಡೆದಿದ್ದರೆ ಕ್ವಾರ್ಟ್ಜ್.

ಅಭ್ಯಾಸಕ್ಕೆ ಮೈಸೂರಿನವರು ದೂರ ಹೋಗಬೇಕಿಲ್ಲ. ಚಾಮುಂಡಿ ಬೆಟ್ಟದ ಗ್ರಾನೈಟ್ ಸುಮಾರು 80 ಕೋಟಿ ವರ್ಷದ್ದು. ಸುತ್ತಲಿನ ನೈಸ್ ಎಂಬ ಪಟ್ಟೆಪಟ್ಟೆಯ ಬಂಡೆ ಸುಮಾರು 300 ಕೋಟಿ ವರ್ಷದ್ದು. (ಬೆಟ್ಟದಲ್ಲಿ ಸುತ್ತಿಗೆ ಎತ್ತಬೇಡಿ, ಅರಣ್ಯದ ಜಾಗ. ಲೆನ್ಸ್ ಸಾಕು.) ಮೈಸೂರು ಜಿಲ್ಲೆಯಲ್ಲಿ ಸಿಗುವ ಬಿಳಿ ಮ್ಯಾಗ್ನಸೈಟ್ ಕಂಡು ಕ್ಯಾಲ್ಸೈಟ್ ಎಂದು ಮೋಸಹೋಗುವುದುಂಟು. ಶೇ 10ರ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿಗೆ ಕ್ಯಾಲ್ಸೈಟ್ ತಕ್ಷಣ ನೊರೆಯೇಳುತ್ತದೆ. ಮ್ಯಾಗ್ನಸೈಟ್ ತಣ್ಣನೆಯ ಆಮ್ಲಕ್ಕೆ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಪುಡಿಮಾಡಿ ಬಿಸಿ ಆಮ್ಲ ಹಾಕಬೇಕು.

ಕೊರೆತದ ಕೆಲಸವಿರುವ ಕಂಪನಿಯಾದರೆ ಆರ್‌ಕ್ಯೂಡಿ ಲೆಕ್ಕವನ್ನು ಕೈಯಲ್ಲಿ ಮಾಡಿ ರೂಢಿಸಿಕೊಳ್ಳಿ. ಕೊರೆದು ತೆಗೆದ ಬಂಡೆಯ ಕಂಬದಲ್ಲಿ, ಅಂದರೆ ಕೋರ್‌ನಲ್ಲಿ, 10 ಸೆಂ.ಮೀ. ಅಥವಾ ಹೆಚ್ಚು ಉದ್ದದ ತುಂಡುಗಳು ಶೇಕಡಾ ಎಷ್ಟು ಎಂಬುದೇ ಅದು. 150 ಸೆಂ.ಮೀ. ರನ್‌ನಲ್ಲಿ (ಒಂದು ಸಲಕ್ಕೆ ಕೊರೆದ ಉದ್ದ) 22, 18, 31, 14, 11, 8, 6 ಸೆಂ.ಮೀ. ತುಂಡುಗಳು ಬಂದಿವೆ ಎನ್ನಿ. 10ಕ್ಕಿಂತ ಚಿಕ್ಕವನ್ನು ಬಿಟ್ಟರೆ ಮೊತ್ತ 96. ಆರ್‌ಕ್ಯೂಡಿ ಶೇ 64. ಕೋರ್ ಪೆಟ್ಟಿಗೆಗೆ ಹಾಕುವಾಗ ಮುರಿದದ್ದನ್ನು ಜೋಡಿಸಿ ಒಂದೇ ತುಂಡೆಂದು ಅಳೆಯಬೇಕು. ಇದನ್ನು ಮರೆತರೆ ಗಟ್ಟಿ ಬಂಡೆಯೂ ಕಾಗದದಲ್ಲಿ ಪುಡಿಬಂಡೆ ಆಗುತ್ತದೆ. ಇನ್ನೊಂದು ಲೆಕ್ಕ: 60 ಡಿಗ್ರಿ ಡಿಪ್ (ಸಮತಟ್ಟಿನಿಂದ ವಾಲಿದ ಕೋನ) ಇರುವ ಪದರ ನೆಟ್ಟನೆಯ ಬೋರ್‌ಹೋಲ್‌ನಲ್ಲಿ 20 ಮೀಟರ್ ಕಂಡರೆ ಅದರ ನಿಜವಾದ ದಪ್ಪ 10 ಮೀಟರ್ ಮಾತ್ರ.

ಮಂಡ್ಯದ ಮರ್ಲಗಲ್ಲದ ಲಿಥಿಯಂ ಮಾತು ಬಂದರೆ ‘ನಿಕ್ಷೇಪ ಸಿಕ್ಕಿದೆ’ ಎಂದಷ್ಟೇ ಹೇಳಿ ಮುಗಿಸಬೇಡಿ. ಪರಮಾಣು ಖನಿಜ ನಿರ್ದೇಶನಾಲಯ ಹೇಳಿದ್ದು 1,600 ಟನ್, ಅದೂ ‘ಇನ್ಫರ್ಡ್’, ಅಂದರೆ ಸೀಮಿತ ಮಾಹಿತಿಯಿಂದ ಅಂದಾಜಿಸಿದ ದರ್ಜೆಯದು. ಲಾಭಕ್ಕೆ ತೆಗೆಯಬಹುದೆಂದು ಸಾಬೀತಾಗುವವರೆಗೆ ಅದು ರಿಸೋರ್ಸ್, ರಿಸರ್ವ್ ಅಲ್ಲ. ಲಿಥಿಯಂ ಇರುವ ಖನಿಜ ಸ್ಪೋಡುಮೀನ್, ಅದು ಇರುವುದು ಪೆಗ್ಮಟೈಟ್ ಎಂಬ ದೊಡ್ಡ ಹರಳುಗಳ ಬಂಡೆಯಲ್ಲಿ.

ಬಯೋಡೇಟಾದಲ್ಲಿ ಬರೆದ ಫೀಲ್ಡ್ ಪ್ರದೇಶದ ಟೋಪೋಶೀಟ್ (ಸರ್ವೆ ನಕಾಶೆ) ಸಂಖ್ಯೆ ಬಾಯಲ್ಲಿರಲಿ. ಮೈಸೂರು ನಗರ 57 ಡಿ/11ರಲ್ಲಿ ಬರುತ್ತದೆ. ಬ್ರಂಟನ್ ದಿಕ್ಸೂಚಿ ಕೊಟ್ಟು ಸ್ಟ್ರೈಕ್ (ಪದರ ಹಾಯುವ ದಿಕ್ಕು), ಡಿಪ್ ಅಳೆಯಲು ಹೇಳಿದರೆ ಮೊದಲು ಜೇಬಿನ ಮೊಬೈಲ್ ದೂರ ಇಡಿ. ಕವರ್‌ನಲ್ಲಿ ಅಯಸ್ಕಾಂತವಿದ್ದರಂತೂ ಮುಳ್ಳು ಸುಳ್ಳು ಹೇಳುತ್ತದೆ.