ಕಪ್ಪತಗುಡ್ಡ ನೋಡಬೇಕಾ? ಮೂರು ಸಲ ಹೋಗಿ

ಮಳೆ ಹಿಡಿಯಿತೆಂದರೆ ಸಾಕು, ನಮ್ಮ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಪ್ಪತಗುಡ್ಡದ ಫೋಟೊಗಳು ಶುರು. ಹಸಿರು ಗುಡ್ಡ, ಮಂಜು, ಸಾಲು ಸಾಲು ಗಾಳಿಯಂತ್ರ. ಒಂದು ಭಾನುವಾರ ಹೋಗಿ ಬಂದರೆ ಗುಡ್ಡ ನೋಡಿದ ಹಾಗಾಯಿತಾ? ಎಪ್ಪತ್ತು ಗಿರಿ ನೋಡುವ ಬದಲು ಕಪ್ಪತ್ತಗಿರಿ ನೋಡು ಅಂತ ಗದಗಿನ ಹಿರಿಯರು ಸುಮ್ನೆ ಹೇಳಿಲ್ಲ. ಮಳೆ, ಚಳಿ, ಬಿಸಿಲು ಮೂರರಲ್ಲೂ ನೋಡಿದರೇ ಆ ಮಾತು ತಿಳಿಯುವುದು.

ಹೊರಡುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಈ ಗುಡ್ಡಸಾಲಿನ ಸುಮಾರು 244 ಚದರ ಕಿಲೋಮೀಟರ್ 2019ರಿಂದ ವನ್ಯಜೀವಿಧಾಮ. ಮನಸ್ಸು ಬಂದಲ್ಲಿ ನುಗ್ಗುವ ಹಾಗಿಲ್ಲ. ಚಿರತೆ, ತೋಳ, ಕತ್ತೆಕಿರುಬ ಇರುವ ಜಾಗ, ಹೊತ್ತು ಮುಳುಗುವ ಮೊದಲೇ ಕೆಳಗಿಳಿಯಬೇಕು.

ಮೊದಲ ಸಲ ಮಳೆಗಾಲದಲ್ಲಿ ಹೋಗಿ. ಡೋಣಿ ಊರಿನ ಕಡೆಯಿಂದ ಬೆಳಿಗ್ಗೆ ಬೇಗ ಹತ್ತಿದರೆ ಕಪ್ಪತಮಲ್ಲಯ್ಯನ ದರ್ಶನವೂ ಆಗುತ್ತದೆ. ಕೊಡೆ ಬೇಡ, ಗಾಳಿಗೆ ನಿಲ್ಲುವುದಿಲ್ಲ. ರೇನ್‌ಕೋಟ್ ಇರಲಿ. ಹಿಡಿತ ಇರುವ ಶೂ ಹಾಕಿ. ಹತ್ತುವಾಗ ಏನೂ ಅನ್ನಿಸದ ಕೆಂಪು ಮಣ್ಣು, ಸಣ್ಣ ಕಲ್ಲು ಇಳಿಯುವಾಗ ಜಾರುತ್ತವೆ. ಒಮ್ಮೆ ಜಾರಿ ಬಿದ್ದು ಮೊಣಕೈ ಕೆತ್ತಿಸಿಕೊಂಡ ಮೇಲೆ ನಾನು ಕೋಲಿಲ್ಲದೆ ಇಳಿಯುವುದಿಲ್ಲ.

ದೂರದ ಹಸಿರನ್ನು ಎಲ್ಲರೂ ನೋಡುತ್ತಾರೆ. ನೀವು ಪೊದೆಯ ಹತ್ತಿರ ಕೂತು ನೋಡಿ. ಗೌರಿ ಹೂವಿನ ಬಳ್ಳಿ ಕಂಡರೆ ಎಲೆಯ ತುದಿ ಗಮನಿಸಿ. ಅದು ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದುಕೊಂಡೇ ಮೇಲೆ ಹತ್ತುತ್ತದೆ. ಹೂವು ಮೊದಲು ಹಳದಿ, ಆಮೇಲೆ ಬೆಂಕಿಯಂಥ ಕೆಂಪು. ಗಡ್ಡೆ ವಿಷ. ಔಷಧಿ ಸಸ್ಯಗಳ ಗುಡ್ಡ ಅಂತ ಸಿಕ್ಕಿದ್ದನ್ನು ಕಿತ್ತು ಬಾಯಿಗೆ ಹಾಕಬೇಡಿ. ಒಂದು ಎಲೆಯೂ ಮನೆಗೆ ಬರಬಾರದು.

ಎರಡನೇ ಸಲ ಡಿಸೆಂಬರ್-ಜನವರಿ. ನಡೆಯಲು ಇದೇ ಹಿತ. ಗುಡ್ಡ ಹೊಂಬಣ್ಣಕ್ಕೆ ತಿರುಗಿರುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಳ್ಳಿ. ಇನ್ನೊಂದು ದಿನ ಸಿಕ್ಕರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಹೊಲಗಳಲ್ಲಿ ಮೇಯ್ದು ಬಂದು ನೀರಿಗಿಳಿಯುತ್ತವೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟಿ. ಬೈನಾಕ್ಯುಲರ್ ಇದ್ದರೆ ಒಯ್ಯಿರಿ, ದಂಡೆಯಲ್ಲಿ ಗದ್ದಲ ಬೇಡ.

ಬೇಸಿಗೆಯಲ್ಲಿ ಯಾಕೆ ಹೋಗಬೇಕು ಅಂತ ಕೇಳುತ್ತೀರಿ. ಹುಲ್ಲು ಒಣಗಿದಾಗಲೇ ಗುಡ್ಡದ ಮೈಕಟ್ಟು, ಬಂಡೆ, ಕೊರಕಲು ಕಾಣುವುದು. ಒಬ್ಬರಿಗೆ ಎರಡು ಲೀಟರ್‌ಗಿಂತ ಜಾಸ್ತಿ ನೀರಿರಲಿ, ಬೆಳಿಗ್ಗೆ ಒಂಬತ್ತು ಗಂಟೆಯೊಳಗೆ ವಾಪಸ್ ಬನ್ನಿ. ಕಡ್ಡಿಪೆಟ್ಟಿಗೆ, ಬೀಡಿ, ಸಿಗರೇಟು ಕಾರಿನಲ್ಲೂ ಬೇಡ. ಒಣಗಿದ ಬಾದೆ ಹುಲ್ಲಿಗೆ ಒಂದು ಕಿಡಿ ಸಾಕು. ಗಾಳಿ ಬೀಸಿದರೆ ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಓಡುತ್ತದೆ, ನೆಲದ ಗೂಡಿನಲ್ಲಿರುವ ಮೊಟ್ಟೆಗಳಿಗೆ ಓಡಲಾಗುವುದಿಲ್ಲ. ಎಲ್ಲಿಯಾದರೂ ಹೊಗೆ ಕಂಡರೆ ವಿಡಿಯೊ ಮಾಡುತ್ತ ನಿಲ್ಲದೆ ಕೂಡಲೇ ಅರಣ್ಯ ಸಿಬ್ಬಂದಿಗೆ ಫೋನ್ ಮಾಡಿ. ನಂಬರ್ ಅನ್ನು ಅನುಮತಿ ಕೇಳಲು ಹೋದಾಗಲೇ ಬರೆದುಕೊಂಡಿರಿ.

ಇಳಿದ ಮೇಲೆ ಬಿಸಿಲು ಏರಿರುತ್ತದೆ. ಡಂಬಳದ ದೊಡ್ಡಬಸಪ್ಪ ಗುಡಿಯಲ್ಲಿ ಕೂತು ದಣಿವಾರಿಸಿಕೊಳ್ಳಿ, ಒಳಗೆ ಕಲ್ಲು ತಣ್ಣಗಿರುತ್ತದೆ.