ಸಿಮ್ ಇಲ್ಲದ ಟ್ಯಾಬ್‌ಗೆ ಸರಿಜೋಡಿ ಫೋನು: ನನ್ನ ಅನುಭವ

ಹೊರಗಡೆ ಓಡಾಡುವವರಿಗೆ ಸಿಮ್ ಹಾಕುವ ಟ್ಯಾಬೇ ಬೇಕು, ವೈಫೈ ಟ್ಯಾಬ್ ಮನೆಯ ಸೋಫಾಗೆ ಮಾತ್ರ ಎಂದು ವಾದಿಸುವವರು ನನ್ನ ಸುತ್ತ ಕಡಿಮೆ ಇರಲಿಲ್ಲ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್9 ಎಫ್‌ಇ ವೈಫೈ ಮಾದರಿಗೆ ಎಸ್23 ಎಫ್‌ಇ ಫೋನ್ ಜೋಡಿಸಿದ ಮೇಲೆ ಆ ವಾದ ನಿಂತಿದೆ. ಫೋನು ಚೀಲದಲ್ಲೇ ಇರುತ್ತದೆ. ಟ್ಯಾಬ್‌ನಲ್ಲಿ ಒಮ್ಮೆ ಮುಟ್ಟಿದರೆ ಇಂಟರ್ನೆಟ್ ಬರುತ್ತದೆ, ಕರೆ ಬಂದರೆ ಟ್ಯಾಬೇ ರಿಂಗ್ ಆಗುತ್ತದೆ, ಒಟಿಪಿಯೂ ಅಲ್ಲೇ ಕಾಣುತ್ತದೆ. ನೆನಪಿರುವ ಮಟ್ಟಿಗೆ, 2023ರಲ್ಲಿ ಈ ಟ್ಯಾಬ್ ಬಂದಾಗ ವೈಫೈ ಮಾದರಿಗೂ 5ಜಿ ಮಾದರಿಗೂ ಎಂಟು ಸಾವಿರದ ಅಂತರ. ಸಾದಾ ಐಪ್ಯಾಡ್‌ನಲ್ಲಿ ಅದೇ ಅಂತರ ಹದಿನೈದು ಸಾವಿರ. ಮೇಲಿಂದ ಎರಡನೇ ಸಿಮ್‌ನ ರೀಚಾರ್ಜು. ಆ ದುಡ್ಡನ್ನು ಫೋನಿನ ಮೇಲೆ ಹಾಕಿದರೆ ಒಂದು ಮೆಟ್ಟಿಲು ಮೇಲಿನ ಫೋನೇ ಕೈಗೆ ಬರುತ್ತದೆ ಅನ್ನುವುದು ನನ್ನ ಲೆಕ್ಕ.

ಜೋಡಿ ನೋಡುವಾಗ ಕ್ಯಾಮೆರಾ, ರ‍್ಯಾಮ್, ಪ್ರೊಸೆಸರ್ ಎಲ್ಲ ಆಮೇಲೆ. ನಾನು ಮೊದಲು ನೋಡುವುದು ಹಾಟ್‌ಸ್ಪಾಟ್, ಆಮೇಲೆ ಒಂದೇ ಅಕೌಂಟಿನಿಂದ ಫೋನನ್ನೂ ಟ್ಯಾಬನ್ನೂ ಜೋಡಿಸುವ ಮೆನುಗಳು, ಕೊನೆಗೆ ಚಾರ್ಜರ್. ಹಾಟ್‌ಸ್ಪಾಟ್‌ನಲ್ಲಿ ಸೋತ ಫೋನನ್ನು ಉಳಿದ ಎರಡಕ್ಕೆ ನೋಡುವುದೇ ಇಲ್ಲ.

ಹಾಟ್‌ಸ್ಪಾಟ್ ಇಲ್ಲದ ಫೋನಿಲ್ಲ ನಿಜ. ಆದರೆ ಅದು 5 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ (5ಜಿ ಅಲ್ಲ, ವೈಫೈ ಓಡುವ ತರಂಗದ ಪಟ್ಟಿ) ಕೊಡುತ್ತದೆಯೇ? ಎಂಟು ಹತ್ತು ಸಾವಿರದ ಎಷ್ಟೋ ಫೋನುಗಳಲ್ಲಿ 2.4 ಮಾತ್ರ. ವೇಗ ಕಡಿಮೆ ಅನ್ನುವುದು ಸಣ್ಣ ದೂರು. ದೊಡ್ಡ ತೊಂದರೆ ಎಂದರೆ ಬ್ಲೂಟೂತ್ ಕೂಡ ಅದೇ 2.4ರಲ್ಲೇ ಓಡುತ್ತದೆ. ಟ್ಯಾಬ್‌ಗೆ ಬ್ಲೂಟೂತ್ ಕೀಬೋರ್ಡು, ಕಿವಿಗೆ ಬ್ಲೂಟೂತ್ ಇಯರ್‌ಬಡ್ಸ್, ಇಂಟರ್ನೆಟ್ಟಿಗೆ 2.4 ಹಾಟ್‌ಸ್ಪಾಟ್ ಮೂರೂ ಒಟ್ಟಿಗೆ ಇದ್ದರೆ ಮೀಟಿಂಗಿನ ನಡುವೆ ದನಿ ಕಡಿಯುತ್ತದೆ, ಒತ್ತಿದ ಅಕ್ಷರ ಅರ್ಧ ಸೆಕೆಂಡು ತಡವಾಗಿ ಮೂಡುತ್ತದೆ. ಜನ ಇಯರ್‌ಬಡ್ಸ್ ಬದಲಾಯಿಸುತ್ತಾರೆ, ಟ್ಯಾಬ್ ರಿಸೆಟ್ ಮಾಡಿಸುತ್ತಾರೆ. ಬ್ಯಾಂಡನ್ನು 5ಕ್ಕೆ ಬದಲಾಯಿಸಿದರೆ ಆಗುವ ಕೆಲಸ ಇದು.

5ರದ್ದೂ ಒಂದು ಕೊರತೆ ಇದೆ, ಗೋಡೆಯನ್ನು ಸುಲಭವಾಗಿ ದಾಟುವುದಿಲ್ಲ. ಕರಾವಳಿ ಕಡೆಯ ಮುರಕಲ್ಲಿನ ಗೋಡೆ ಒಂದು ಅಡ್ಡ ಬಂದರೆ ಸಿಗ್ನಲ್ ಅರ್ಧಕ್ಕೆ ಇಳಿಯುತ್ತದೆ, ಎರಡು ಬಂದರೆ ಮುಗಿಯಿತು. ಚೀಲದಲ್ಲಿ ಫೋನು, ತೊಡೆಯ ಮೇಲೆ ಟ್ಯಾಬ್ ಎಂಬಷ್ಟು ದೂರಕ್ಕೆ ಏನೂ ತೊಂದರೆಯಿಲ್ಲ. ಹಳೆಯ ಟ್ಯಾಬ್ ಇಟ್ಟುಕೊಂಡವರು ಉಲ್ಟಾ ಕಡೆಯಿಂದಲೂ ನೋಡಬೇಕು. 2.4 ಮಾತ್ರ ತಿಳಿಯುವ ಅಗ್ಗದ ಟ್ಯಾಬ್‌ಗಳ ಕಣ್ಣಿಗೆ 5ರ ಹಾಟ್‌ಸ್ಪಾಟ್ ಬೀಳುವುದೇ ಇಲ್ಲ. ಐಫೋನ್ 12 ಮತ್ತು ನಂತರದವು ತಾವಾಗಿ 5ರಲ್ಲಿ ಕೊಡುತ್ತವೆ, ಅಂಥ ಟ್ಯಾಬ್‌ಗೆ ಐಫೋನಿನ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಆನ್ ಮಾಡಲೇಬೇಕು. ಪಟ್ಟಿಯಲ್ಲಿ ಹೆಸರು ಕಾಣುತ್ತದೆ, ಪಾಸ್‌ವರ್ಡ್ ಸರಿಯಿದೆ, ಆದರೂ ಕನೆಕ್ಟ್ ಆಗುತ್ತಿಲ್ಲ ಎಂದರೆ ಸೆಕ್ಯುರಿಟಿ ನೋಡಿ. ಹೊಸ ಫೋನು ಡಬ್ಲ್ಯುಪಿಎ3 ಎಂಬ ಹೊಸ ವೈಫೈ ಭದ್ರತೆಯಲ್ಲಿ ಕೂತಿರುತ್ತದೆ, ಹಳೆಯ ಟ್ಯಾಬ್‌ಗೆ ಡಬ್ಲ್ಯುಪಿಎ2 ಮಾತ್ರ ಗೊತ್ತು. ಹಾಟ್‌ಸ್ಪಾಟ್‌ಗೆ ಕನ್ನಡದಲ್ಲಿ ಹೆಸರಿಡುವ ಆಸೆ ನನಗೂ ಇದೆ, ಆದರೆ ಕೆಲವು ಹಳೆಯ ಟ್ಯಾಬ್‌ಗಳು ಅದನ್ನು ಬರೀ ಚೌಕಗಳಾಗಿ ತೋರಿಸುತ್ತವೆ.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ: ಎರಡು ಸಿಮ್. ಬಹುತೇಕ ಫೋನುಗಳಲ್ಲಿ ಒಂದು ಸಿಮ್‌ನಲ್ಲಿ ಮಾತಾಡುವಾಗ ಇನ್ನೊಂದು ಸಿಮ್‌ನ ಡೇಟಾ ನಿಲ್ಲುತ್ತದೆ. ಟ್ಯಾಬ್‌ನಲ್ಲಿ ಮೀಟಿಂಗ್ ನಡೆಯುತ್ತಿರುತ್ತದೆ, ಫೋನಿನ ಎರಡನೇ ನಂಬರಿಗೆ ಕರೆ ಬರುತ್ತದೆ, ಎತ್ತಿದ ಕೂಡಲೇ ಮೀಟಿಂಗ್ ಸತ್ತು ಹೋಗುತ್ತದೆ. ಐಫೋನಿನಲ್ಲಿ 'ಅಲೋ ಸೆಲ್ಯುಲರ್ ಡೇಟಾ ಸ್ವಿಚಿಂಗ್', ಸ್ಯಾಮ್‌ಸಂಗ್‌ನಲ್ಲಿ ಸಿಮ್ ಮ್ಯಾನೇಜರ್ ಒಳಗಿನ 'ಆಟೋ ಡೇಟಾ ಸ್ವಿಚಿಂಗ್' ಆನ್ ಇದ್ದರೆ ಡೇಟಾ ಆ ಕ್ಷಣಕ್ಕೆ ಕರೆಯ ಸಿಮ್‌ಗೆ ಜಿಗಿಯುತ್ತದೆ. ಅದಕ್ಕೆ ಆ ಸಿಮ್‌ನಲ್ಲೂ ಡೇಟಾ ಪ್ಯಾಕ್ ಇರಬೇಕು. ವೋಲ್ಟಿ, ಅಂದರೆ 4ಜಿಯಲ್ಲೇ ಕರೆ ಮಾಡುವ ಸೌಲಭ್ಯ, ಆಫ್ ಆಗಿರುವ ಸಿಮ್ ಆದರೆ ಕರೆ ಬಂದಾಗ ಫೋನು 4ಜಿ ಬಿಟ್ಟು ಕೆಳಗಿಳಿಯುತ್ತದೆ, ಟ್ಯಾಬ್‌ನಲ್ಲಿ ಚಕ್ರ ಸುತ್ತುತ್ತಾ ಕೂರುತ್ತದೆ. ಟ್ಯಾಬ್‌ಗೆ ಅನ್ನ ಹಾಕುವ ಸಿಮ್‌ನಲ್ಲಿ ವೋಲ್ಟಿ ಮೊದಲು ಆನ್ ಆಗಲಿ.

ಮಲೆನಾಡಿನ ಒಳಗಡೆ ಬಿಎಸ್ಸೆನ್ನೆಲ್ ನಂಬಿರುವವರು ಫೋನಿನ ಬ್ಯಾಂಡ್ ಪಟ್ಟಿಯಲ್ಲಿ ಬಿ28 ಮತ್ತು ಬಿ1 ಎರಡೂ ಇವೆಯೇ ನೋಡಿ. ಬಿಎಸ್ಸೆನ್ನೆಲ್ 4ಜಿ ಓಡುವುದು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ, ಅವೇ ಈ ಎರಡು. ಜಿಯೊ 5ಜಿ ಬೇಕಿದ್ದರೆ ಫೋನಿನಲ್ಲಿ 4ಜಿಯ ಆಸರೆ ಇಲ್ಲದೆ ಓಡುವ 5ಜಿಯ, ಅಂದರೆ ಎಸ್‌ಎ ಬೆಂಬಲ ಕಡ್ಡಾಯ. ಅನ್‌ಲಿಮಿಟೆಡ್ 5ಜಿ ನಂಬಿ ಟ್ಯಾಬ್‌ನಲ್ಲಿ ದೊಡ್ಡ ಫೈಲ್ ಇಳಿಸುವಾಗ ಒಂದು ಎಚ್ಚರ: ಫೋನು 4ಜಿಗೆ ಜಾರಿದ ಕ್ಷಣದಿಂದ ದಿನದ ಕೋಟಾ ಕರಗುತ್ತದೆ. ಒಂದು ಗಂಟೆಯ ವಿಡಿಯೊ ಮೀಟಿಂಗ್ ಹೆಚ್ಚುಕಡಿಮೆ ಒಂದು ಜಿಬಿ ತಿನ್ನುತ್ತದೆ, ಫೋಟೊ ಬ್ಯಾಕಪ್ಪೂ ಆ್ಯಪ್ ಅಪ್‌ಡೇಟೂ ಸೇರಿದರೆ ದಿನದ ಎರಡು ಜಿಬಿ ಮಧ್ಯಾಹ್ನಕ್ಕೇ ಖಾಲಿ. ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಆ ವೈಫೈ ಹೆಸರಿನ ಒಳಗೆ ಹೋಗಿ 'ಮೀಟರ್ಡ್' (ಡೇಟಾಗೆ ಮಿತಿಯಿದೆ) ಎಂದು ಕೈಯಾರೆ ಗುರುತು ಹಾಕಿ, ಐಪ್ಯಾಡ್‌ನಲ್ಲಿ 'ಲೋ ಡೇಟಾ ಮೋಡ್'.

ಬ್ಯಾಟರಿಯ ಅಂದಾಜು ನೆನಪಿನಿಂದ ಹೇಳುತ್ತೇನೆ. 4ಜಿ ಹಿಡಿದು 5ರ ಬ್ಯಾಂಡಿನಲ್ಲಿ ಹಾಟ್‌ಸ್ಪಾಟ್ ಕೊಡುತ್ತಾ ಓದು-ಬರಹ ಮಾಡಿದರೆ ಗಂಟೆಗೆ ಆರೇಳು ಪರ್ಸೆಂಟ್, ಮೀಟಿಂಗ್ ಇದ್ದರೆ ಹತ್ತು ಹನ್ನೆರಡು. ಸಿಗ್ನಲ್ ಒಂದೇ ಕಡ್ಡಿ ಇರುವ ಜಾಗದಲ್ಲಿ ಇದು ಸಲೀಸಾಗಿ ಒಂದೂವರೆ ಪಟ್ಟಾಗುತ್ತದೆ, ಫೋನೂ ಕಾಯುತ್ತದೆ. ಹೀಗಾಗಿ 4500 ಎಂಎಎಚ್‌ಗಿಂತ ಕೆಳಗಿನ ಫೋನನ್ನು ಟ್ಯಾಬ್ ಜೋಡಿಗೆ ನಾನು ಹೇಳುವುದಿಲ್ಲ, 5000 ಇದ್ದರೆ ಒಳ್ಳೆಯದು. ಪವರ್‌ಬ್ಯಾಂಕಿಗೆ ಸಿಕ್ಕಿಸಿ ಹಾಟ್‌ಸ್ಪಾಟ್ ಓಡಿಸುವುದು ಏಪ್ರಿಲ್ ತಿಂಗಳ ರಾಯಚೂರಿಗೆ ಆಗದ ಮಾತು. ಬಿಸಿ ಏರಿದ ಕೂಡಲೇ ಫೋನು ಚಾರ್ಜಿಂಗನ್ನೂ ವೇಗವನ್ನೂ ತಾನೇ ತಗ್ಗಿಸುತ್ತದೆ.

ಈ ಬಿಸಿ ತಪ್ಪಿಸಲು ಮಾಡಿದ ಎರಡು ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಬ್ಲೂಟೂತ್ ಟೆದರಿಂಗ್‌ನಲ್ಲಿ, ಅಂದರೆ ಫೋನಿನ ಇಂಟರ್ನೆಟ್ಟನ್ನು ವೈಫೈ ಬದಲು ಬ್ಲೂಟೂತ್ ಮೂಲಕ ಹಂಚಿದರೆ, ಬ್ಯಾಟರಿ ಗಂಟೆಗೆ ಮೂರು ಪರ್ಸೆಂಟ್ ದಾಟುವುದಿಲ್ಲ. ವೇಗ ಮಾತ್ರ ಸೆಕೆಂಡಿಗೆ ಒಂದೆರಡು ಮೆಗಾಬಿಟ್. ಮೇಲ್, ವಾಟ್ಸಾಪ್ ಅಕ್ಷರ, ಗೂಗಲ್ ಡಾಕ್ಸ್ ತನಕ ನಡೆಯುತ್ತದೆ, ಚಿತ್ರ ತುಂಬಿದ ಪುಟ ತೆರೆದರೆ ಕೂತು ಕಾಯಬೇಕು. ಯುಎಸ್‌ಬಿ ಟೆದರಿಂಗ್ ಇದಕ್ಕಿಂತ ಎಷ್ಟೋ ಮೇಲು. ಸಿ ಟು ಸಿ ಕೇಬಲ್ ಹಾಕಿ ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಟ್ಯಾಬ್‌ನ ವೈಫೈ ಆಫ್ ಇದ್ದರೂ ಇಂಟರ್ನೆಟ್ ಬರುತ್ತದೆ. ಕೆಲವು ಜೋಡಿಗಳಲ್ಲಿ ಕೇಬಲ್ ಹಾಕಿದ ಕೂಡಲೇ ಫೋನು ಟ್ಯಾಬ್‌ಗೆ ಕರೆಂಟ್ ಕೊಡಲು ಶುರುಮಾಡಿ ಟೆದರಿಂಗ್ ಗುಂಡಿ ಬೂದು ಬಣ್ಣಕ್ಕೆ ತಿರುಗುತ್ತದೆ. ನೋಟಿಫಿಕೇಶನ್‌ನಲ್ಲಿ ಯುಎಸ್‌ಬಿ ಸಾಲು ಒತ್ತಿ, ನಿಯಂತ್ರಣ ಎದುರಿನ ಸಾಧನದ್ದು ಎಂದು ಬದಲಾಯಿಸಬೇಕು. ಚಾರ್ಜಿಂಗ್ ಮಾತ್ರ ಮಾಡುವ ಅಗ್ಗದ ಕೇಬಲ್ಲಿನಲ್ಲಿ ಇದೆಲ್ಲ ಆಗುವುದೇ ಇಲ್ಲ.

ಇನ್ನು ಅಕೌಂಟು. ಒಂದೇ ಕಂಪನಿ ಆದರೆ ಸಾಕು ಎಂಬ ಮಾತನ್ನು ನಂಬಿ ಕೊಂಡವರೇ ಹೆಚ್ಚು ಮೋಸ ಹೋಗಿರುವುದು. ಒಂದೇ ಕಂಪನಿಯ ಅಗ್ಗದ ಮಾದರಿಗಳಲ್ಲಿ ಎಷ್ಟೋ ಸಲ ಮೆನುವೇ ಇರುವುದಿಲ್ಲ. ಸ್ಯಾಮ್‌ಸಂಗ್ ಆದರೆ ಸೆಟ್ಟಿಂಗ್ಸ್ ಹುಡುಕಾಟದ ಪೆಟ್ಟಿಗೆಯಲ್ಲಿ 'ಆಟೋ ಹಾಟ್‌ಸ್ಪಾಟ್', 'ಕಾಲ್ ಆ್ಯಂಡ್ ಟೆಕ್ಸ್ಟ್ ಆನ್ ಅದರ್ ಡಿವೈಸಸ್', 'ಮಲ್ಟಿ ಕಂಟ್ರೋಲ್' ಮೂರನ್ನೂ ಹೊಡೆದು ನೋಡಿ. ಮೊದಲ ಎರಡು ಇಲ್ಲದಿದ್ದರೆ ಆ ಫೋನು ಕೆಳಗಿಡಿ. ಮೂರನೆಯದು, ಟ್ಯಾಬ್‌ನ ಕೀಬೋರ್ಡಿನಿಂದಲೇ ಫೋನಿನಲ್ಲಿ ಟೈಪ್ ಮಾಡುವ ಸೌಲಭ್ಯ, ಇದ್ದರೆ ಲಾಭ. ಎರಡರಲ್ಲೂ ಒಂದೇ ಸ್ಯಾಮ್‌ಸಂಗ್ ಅಕೌಂಟ್, ಎರಡರಲ್ಲೂ ಬ್ಲೂಟೂತ್ ಆನ್. ಫೋನಿನ ಹಾಟ್‌ಸ್ಪಾಟ್ ಮೊದಲೇ ಆನ್ ಮಾಡಿಡಬೇಕಿಲ್ಲ, ಟ್ಯಾಬ್‌ನ ವೈಫೈ ಪಟ್ಟಿಯಲ್ಲಿ ಫೋನಿನ ಹೆಸರು ಮುಟ್ಟಿದರೆ ಪಾಸ್‌ವರ್ಡ್ ಕೇಳದೆ ಏಳುತ್ತದೆ. ಏಳದಿದ್ದರೆ ಹತ್ತಕ್ಕೆ ಒಂಬತ್ತು ಸಲ ಬ್ಯಾಟರಿ ಸೇವರ್ ಆ ಕೆಲಸವನ್ನು ಮಲಗಿಸಿರುತ್ತದೆ. ಯಾರೂ ಬಳಸದಿದ್ದರೆ ತಾನಾಗಿ ಆಫ್ ಆಗುವ ಟೈಮ್‌ಔಟ್ ಇದ್ದರೂ ಹಾಟ್‌ಸ್ಪಾಟ್ ದಿನವಿಡೀ ಎಚ್ಚರವಾಗಿರುವಂತೆ ಮಾಡುವ ಉಪಾಯವೊಂದು ನನ್ನ ಬಳಿ ಇದೆ, ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಐಪ್ಯಾಡ್ ಇದ್ದವರಿಗೆ ಇಷ್ಟು ತಲೆನೋವಿಲ್ಲ, ಜೇಬಿಗೆ ಮಾತ್ರ ನೋವು. ಹಳೆಯ ಐಫೋನ್ ಆದರೂ ಒಂದೇ ಆ್ಯಪಲ್ ಅಕೌಂಟ್ ಇದ್ದರೆ ಇನ್‌ಸ್ಟಂಟ್ ಹಾಟ್‌ಸ್ಪಾಟ್, ಫೈಲ್ ಕಳಿಸುವ ಏರ್‌ಡ್ರಾಪ್, ಇಲ್ಲಿ ಕಾಪಿ ಅಲ್ಲಿ ಪೇಸ್ಟ್ ಎಲ್ಲ ನಡೆಯುತ್ತದೆ. ಒಟಿಪಿ ಐಪ್ಯಾಡ್‌ಗೆ ಬರಲು ಐಫೋನಿನ ಮೆಸೇಜಸ್ ಸೆಟ್ಟಿಂಗ್‌ನಲ್ಲಿ 'ಟೆಕ್ಸ್ಟ್ ಮೆಸೇಜ್ ಫಾರ್ವರ್ಡಿಂಗ್' ಒಳಗೆ ಐಪ್ಯಾಡ್ ಆಯ್ಕೆ ಮಾಡಬೇಕು, ಬಹಳ ಜನ ಇದನ್ನು ಬಿಟ್ಟಿರುತ್ತಾರೆ. ಕೊಳ್ಳುವಾಗ ಒಂದು ಗೆರೆ ಎಳೆದುಕೊಳ್ಳಿ: ಐಫೋನ್ 15ರಿಂದ ಯುಎಸ್‌ಬಿ-ಸಿ, 14ರ ತನಕ ಲೈಟ್ನಿಂಗ್. ಐಪ್ಯಾಡ್ ಈಗಾಗಲೇ ಯುಎಸ್‌ಬಿ-ಸಿ ಆಗಿದ್ದರೆ 14 ಅಗ್ಗಕ್ಕೆ ಸಿಕ್ಕಿತೆಂದು ತಂದವರು ಎರಡು ಬಗೆಯ ಕೇಬಲ್ ಹೊರುತ್ತಾರೆ. ವೈಫೈ ಐಪ್ಯಾಡ್‌ನಲ್ಲಿ ಜಿಪಿಎಸ್ ಚಿಪ್ ಇಲ್ಲ. ಜಮೀನಿನ ಅಳತೆ, ಫೀಲ್ಡ್ ಮ್ಯಾಪು ಇಂಥ ಕೆಲಸದವರು ಅದನ್ನು ಮೊದಲೇ ತಿಳಿದಿರಬೇಕು.

ಬೆರಕೆ ಜೋಡಿ, ಅಂದರೆ ಐಪ್ಯಾಡ್‌ಗೆ ಆಂಡ್ರಾಯ್ಡ್ ಫೋನು, ಆಗುವುದೇ ಇಲ್ಲ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಫೈಲ್ ಸಾಗಿಸಲು ಲೋಕಲ್‌ಸೆಂಡ್ ಎಂಬ ಉಚಿತ ಆ್ಯಪ್ ಎರಡರಲ್ಲೂ ಹಾಕಿ. ಎರಡೂ ಒಂದೇ ಹಾಟ್‌ಸ್ಪಾಟ್‌ನಲ್ಲಿದ್ದರೆ ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ, ಒಂದು ಜಿಬಿ ವಿಡಿಯೊ ಒಂದೆರಡು ನಿಮಿಷದ ಕೆಲಸ. ಐಪ್ಯಾಡ್‌ನಲ್ಲಿ ಆ ಆ್ಯಪ್‌ಗೆ ಲೋಕಲ್ ನೆಟ್‌ವರ್ಕ್ ಅನುಮತಿ ಕೊಟ್ಟಿಲ್ಲದಿದ್ದರೆ ಒಂದಕ್ಕೊಂದು ಕಾಣುವುದೇ ಇಲ್ಲ. ಪಿಕ್ಸೆಲ್ 10 ಆದರೆ 2025ರ ನವೆಂಬರಿನಿಂದ ಅದರ ಕ್ವಿಕ್ ಶೇರ್ ನೇರವಾಗಿ ಏರ್‌ಡ್ರಾಪ್ ಜೊತೆ ಮಾತಾಡುತ್ತದೆ, ಐಪ್ಯಾಡ್‌ನಲ್ಲಿ 'ಎವ್ರಿಒನ್ ಫಾರ್ 10 ಮಿನಿಟ್ಸ್' ಇಟ್ಟಿರಬೇಕು ಅಷ್ಟೆ. ವಾಟ್ಸಾಪ್ ಕೂಡ 2025ರಲ್ಲಿ ಐಪ್ಯಾಡ್‌ಗೆ ಬಂತು. ಬಗೆಹರಿಯದೆ ಉಳಿಯುವುದು ಒಟಿಪಿ ಮತ್ತು ಕರೆ. ಆ ಎರಡೂ ಬೇಕೇಬೇಕು ಎನ್ನುವವರು ಬೆರಕೆ ಜೋಡಿಗೆ ಕೈಹಾಕದಿರುವುದೇ ಲೇಸು. ಉಲ್ಟಾ ಜೋಡಿಯಲ್ಲಿ, ಐಫೋನು ಮತ್ತು ಆಂಡ್ರಾಯ್ಡ್ ಟ್ಯಾಬ್‌ನಲ್ಲಿ, ಟ್ಯಾಬ್ ಕನೆಕ್ಟ್ ಆಗುವ ತನಕ ಐಫೋನಿನ ಹಾಟ್‌ಸ್ಪಾಟ್ ಪುಟ ತೆರೆದೇ ಇರಬೇಕು. ದಿನಕ್ಕೆ ಹತ್ತು ಸಲ ಇದನ್ನು ಮಾಡುವ ತಾಳ್ಮೆ ನನಗಿಲ್ಲ.

ಯುಪಿಐ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಅದು ಸಿಮ್ ಇರುವ ಸಾಧನಕ್ಕೇ ಕಟ್ಟಿಕೊಳ್ಳುತ್ತದೆ, ವೈಫೈ ಟ್ಯಾಬ್‌ಗೆ ಬರುವುದಿಲ್ಲ.

ಚಾರ್ಜರ್ ಕಡೆ ಬರೋಣ. ಎರಡಕ್ಕೂ ಒಂದೇ ಅಡಾಪ್ಟರ್ ಸಾಕಾಗಬೇಕು. ಟ್ಯಾಬ್ ಎಸ್9 ಎಫ್‌ಇ 45 ವ್ಯಾಟ್ ತನಕ, ಎಸ್23 ಎಫ್‌ಇ 25 ವ್ಯಾಟ್ ಎಳೆಯುತ್ತವೆ, ಎರಡಕ್ಕೂ ಬೇಕಿರುವುದು ಪಿಪಿಎಸ್ (ವೋಲ್ಟೇಜನ್ನು ಬೇಕಾದಷ್ಟಕ್ಕೆ ಹೊಂದಿಸುವ ಸೌಲಭ್ಯ) ಇರುವ ಪಿಡಿ (ಯುಎಸ್‌ಬಿ-ಸಿಯ ವೇಗದ ಚಾರ್ಜಿಂಗ್ ಪದ್ಧತಿ) ಚಾರ್ಜರ್. ಡಬ್ಬದ ಮೇಲೆ ಬರೀ 'ಪಿಡಿ 65 ವ್ಯಾಟ್' ಎಂದಿದ್ದು ಪಿಪಿಎಸ್ ಇಲ್ಲದಿದ್ದರೆ ಸೂಪರ್ ಫಾಸ್ಟ್ ಬರಹ ಮೂಡುವುದಿಲ್ಲ, ಟ್ಯಾಬ್ ಮೂರು ಗಂಟೆ ಎಳೆದಾಡುತ್ತದೆ. 45ಕ್ಕೆ 5 ಆಂಪ್ ಕೇಬಲ್ ಬೇಕು. ಎರಡು ಪೋರ್ಟಿನ ಚಾರ್ಜರುಗಳಲ್ಲಿ ಎರಡನೆಯದನ್ನು ಸಿಕ್ಕಿಸಿದಾಗ ಶಕ್ತಿ ಹೇಗೆ ಹಂಚಿಹೋಗುತ್ತದೆ ಎಂದು ಹಿಂಬದಿಯ ಸಣ್ಣಕ್ಷರದಲ್ಲಿ ಇರುತ್ತದೆ, ಓದಿ. 80 ವ್ಯಾಟ್, 100 ವ್ಯಾಟ್ ಎಂದು ಮೆರೆಯುವ ಫೋನುಗಳ ಸ್ವಂತ ಬಗೆಯ ಹಳೆಯ ಅಡಾಪ್ಟರುಗಳು ಬೇರೆ ಕಂಪನಿಯ ಟ್ಯಾಬ್ ಎದುರು 5 ವೋಲ್ಟ್ 2 ಆಂಪ್‌ಗೆ ಇಳಿದುಬಿಡುತ್ತವೆ. ಎಂಟು ಸಾವಿರ ಎಂಎಎಚ್ ಟ್ಯಾಬ್‌ಗೆ ಅದು ಹಲವು ಗಂಟೆಗಳ ಕೆಲಸ.

ಅಂಗಡಿಗೆ ಟ್ಯಾಬನ್ನು ಕೈಯಲ್ಲೇ ಒಯ್ಯಿರಿ. ಡೆಮೊ ಫೋನಿನಲ್ಲಿ ನಿಮ್ಮ ಸಿಮ್ ಹಾಕಲು ಬಿಡದಿದ್ದರೂ ಹಾಟ್‌ಸ್ಪಾಟ್ ಆನ್ ಮಾಡಿ ಬ್ಯಾಂಡ್ ನೋಡಲು ಯಾರೂ ಬೇಡ ಎನ್ನುವುದಿಲ್ಲ. 5ರಲ್ಲಿ ಇಟ್ಟು, ಟ್ಯಾಬ್ ಹಿಡಿದು ಹತ್ತು ಹೆಜ್ಜೆ ಹಿಂದೆ ಹೋಗಿ. ಸೆಕೆಂಡ್ ಹ್ಯಾಂಡ್ ಆದರೆ *#06# ಒತ್ತಿ ಬಂದ ಐಎಂಇಐ (ಫೋನಿನ ಗುರುತಿನ) ನಂಬರನ್ನು ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಹಾಕಿ, ಕದ್ದ ಮಾಲಲ್ಲ ಎಂದು ಖಾತ್ರಿ ಮಾಡಿಕೊಂಡೇ ದುಡ್ಡು ಕೊಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ವರ್ಷ ಹಳೆಯ ಮೇಲ್ದರ್ಜೆಯ ಫೋನು ಹೊಸ ಮಧ್ಯಮ ಫೋನಿನ ಬೆಲೆಗೇ ಸಿಗುತ್ತದೆ, ಮೆನುಗಳೆಲ್ಲ ಇರುವುದು ಅದರಲ್ಲೇ. ಚೌಕಾಸಿ ಎಲ್ಲಿಂದ ಶುರುಮಾಡಬೇಕು ಅನ್ನುವುದನ್ನು ಇಲ್ಲಿ ಬರೆದರೆ ನಾಳೆಯಿಂದ ನನಗೇ ಆ ಬೆಲೆ ಸಿಗುವುದಿಲ್ಲ. ಅಪ್‌ಡೇಟ್ ಎಷ್ಟು ವರ್ಷ ಉಳಿದಿದೆ ಅನ್ನುವುದನ್ನು ಮಾತ್ರ ಟ್ಯಾಬ್‌ನ ಜೊತೆ ಇಟ್ಟು ನೋಡಿ. ಈ ಜೋಡಿ ಸೌಲಭ್ಯಗಳಿಗೆ ಎರಡೂ ಕಡೆ ತಕ್ಕ ಆವೃತ್ತಿ ಬೇಕು, ಒಂದು ಹಿಂದೆ ಬಿದ್ದರೆ ಇನ್ನೊಂದು ಹೊಸದಾಗಿದ್ದೂ ದಂಡ.

ಈ ಕ್ರಮದಲ್ಲಿ ಆರಿಸಿಕೊಟ್ಟ ಜೋಡಿಗಳಲ್ಲಿ ಇವತ್ತಿನ ತನಕ ಒಂದೂ ಮಾರಾಟಕ್ಕೆ ಹೋಗಿಲ್ಲ. ಫೋನು ಮನೆಗೆ ಬಂದ ಮೇಲೆ ಮೊದಲು ಸಿಮ್, ಆಮೇಲೆ ಯುಪಿಐ. ಅದರ ನೋಂದಣಿಗೆ ಫೋನಿನಿಂದ ಎಸ್ಸೆಮ್ಮೆಸ್ ಹೋಗಬೇಕು, ಬರೀ ಡೇಟಾ ಪ್ಯಾಕಿನ ಸಿಮ್ ಅಲ್ಲೇ ಮುಗ್ಗರಿಸುತ್ತದೆ. ವಾಟ್ಸಾಪನ್ನು ಹೊಸ ಫೋನಿಗೆ ವರ್ಗ ಮಾಡಿದ ಮೇಲಷ್ಟೇ ಟ್ಯಾಬ್ ಲಿಂಕ್ ಮಾಡಿ. ಮೊದಲೇ ಮಾಡಿದ್ದೆಲ್ಲ ವರ್ಗವಾದ ಕೂಡಲೇ ಕಡಿದುಹೋಗುತ್ತದೆ. ಆಮೇಲೂ ಫೋನನ್ನು ಹದಿನಾಲ್ಕು ದಿನ ಮುಟ್ಟದಿದ್ದರೆ ಟ್ಯಾಬ್ ತಾನೇ ಲಾಗ್‌ಔಟ್. ಕೊನೆಗೆ ಹೊಸ ಫೋನಿನ ಹಾಟ್‌ಸ್ಪಾಟ್‌ಗೆ ಹಳೆಯ ಫೋನಿನದೇ ಹೆಸರು, ಅದೇ ಪಾಸ್‌ವರ್ಡ್, ದೊಡ್ಡಕ್ಷರ ಸಣ್ಣಕ್ಷರ ಸಮೇತ ಇಡಿ. ಟ್ಯಾಬಿಗೂ ಮನೆಯ ಬೇರೆ ಸಾಧನಗಳಿಗೂ ಫೋನು ಬದಲಾಗಿದ್ದೇ ಗೊತ್ತಾಗುವುದಿಲ್ಲ, ಹಳೆಯದನ್ನು ಮಾತ್ರ ಆಫ್ ಮಾಡಿಟ್ಟಿರಬೇಕು.