ಇಂದ್ರಜಾತ್ರೆಯ ಮೊದಲ ಸಂಜೆ

ಮೊದಲ ಸಲ ಕಠ್ಮಂಡುವಿಗೆ ಹೋದಾಗ ಅನಂತ ಚತುರ್ದಶಿಯ ಮಧ್ಯಾಹ್ನ ಬಸಂತಪುರದ ಚೌಕದಲ್ಲಿ ನಿಂತು, ಜನರ ತಲೆಗಳ ನಡುವೆ ಜೀವಂತ ದೇವಿಯೆಂದು ಪೂಜಿಸುವ ಬಾಲಕಿ ಕುಮಾರಿಯ ರಥವನ್ನು ಅರೆಗಳಿಗೆ ನೋಡಿ ಮರಳಿದ್ದೆ. ನೇಪಾಳದ ರಾಷ್ಟ್ರಪತಿಗಳೂ ಬರುವ ದಿನವದು. ನೂಕುನುಗ್ಗಲು, ಕಾವಲು ಎರಡೂ ಹೆಚ್ಚು. ಆದ್ದರಿಂದ ಎರಡನೆಯ ಸಲ ಭಾದ್ರಪದ ಶುಕ್ಲ ದ್ವಾದಶಿಯ ಹೊತ್ತಿಗೇ ಅಲ್ಲಿದ್ದೆ. ಎಂಟು ದಿನಗಳ ಇಂದ್ರಜಾತ್ರೆ ಆರಂಭವಾಗುವುದು ಆ ದಿನ. ಈ ಕಣಿವೆಯ ಮೂಲನಿವಾಸಿಗಳಾದ ನೇವಾರರು ಇದನ್ನು ಯೆಂಯಾ ಎನ್ನುತ್ತಾರೆ. ಯೆಂ ಎಂದರೆ ಅವರ ಮಾತಿನಲ್ಲಿ ಕಠ್ಮಂಡು.

ಬೆಳಿಗ್ಗೆ ಹಳೆಯ ಅರಮನೆ ಹನುಮಾನ್ ಢೋಕಾದಲ್ಲಿ, ಕಾಲಭೈರವನ ಎದುರು, ತೊಗಟೆ ಸುಲಿದ ಉದ್ದನೆಯ ಮರದ ಕಂಬವನ್ನು ಹಗ್ಗ ಕಟ್ಟಿ ನಿಲ್ಲಿಸಿದರು. ನಾಲಾದ ಕಾಡಿನಿಂದ ಎಳೆದು ತಂದ ಮರ. ಅದು ಎದ್ದು ನಿಂತರೆ ಇಂದ್ರಧ್ವಜ ಏರಿದಂತೆ.

ನಾನು ಹಳೆಯ ಊರಿನೊಳಗೆ ಒಂದು ನೇವಾರ್ ಮನೆಯ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಹೋಗುವವರಿಗೆ ನಾನು ಹೇಳುವುದೂ ಅದನ್ನೇ: ಪ್ರವಾಸಿಗರು ತುಂಬಿರುವ ಠಮೇಲ್ ಬೇಡ, ಜಾತ್ರೆ ಹಾದುಹೋಗುವ ಗಲ್ಲಿಯಲ್ಲೇ ಇರಿ. ಮಧ್ಯಾಹ್ನ ಮನೆಯೊಡತಿ, ನಾನು ದಿದಿ ಎಂದು ಕರೆಯುತ್ತಿದ್ದವರು, "ಈ ವರ್ಷ ನಿಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ?" ಎಂದು ಕೇಳಿದರು. ಅಮ್ಮ ಮಾಘದಲ್ಲಿ ಹೋದಳು ಎಂದೆ. "ಹಾಗಾದರೆ ಸಂಜೆ ನಮ್ಮೊಡನೆ ಬನ್ನಿ, ಉಪಾಕು ಇದೆ" ಎಂದರು. ಅವರ ಅತ್ತೆ ತೀರಿಕೊಂಡು ಮೂರು ತಿಂಗಳಾಗಿತ್ತು.

ಉಪಾಕು ಎಂದರೆ, ಆ ವರ್ಷ ಮನೆಯವರನ್ನು ಕಳೆದುಕೊಂಡವರು ಹಳೆಯ ನಗರದ ಗಡಿಗುಂಟ ಊದುಬತ್ತಿ, ದೀಪ ಹಿಡಿದು ಸುತ್ತು ಬರುವುದು. ಕೆಲವರು ಸ್ತೋತ್ರ ಹೇಳುತ್ತಿದ್ದರು, ಉಳಿದವರು ಸುಮ್ಮನೆ ನಡೆಯುತ್ತಿದ್ದರು. ದಾರಿಯಲ್ಲಿ ಸಿಕ್ಕ ಗುಡಿ, ಚೈತ್ಯಗಳ ಮುಂದೆಲ್ಲ ಒಂದೊಂದು ಬತ್ತಿ ಇಟ್ಟೆವು. ಗಂಟೆಗಟ್ಟಲೆ ನಡಿಗೆ, ಇಟ್ಟಿಗೆ ಹಾಸಿನ ಮೇಲೆ ಮಳೆನೀರು ನಿಂತಿತ್ತು. ನಾನು ಅಳಲಿಲ್ಲ. ಆದರೆ ಅಮ್ಮನ ಹೆಸರನ್ನು ಬಾಯಿಬಿಟ್ಟು ಹೇಳಿದೆ, ತಿಂಗಳುಗಳ ನಂತರ.

ಇದರ ಹಿಂದಿನ ಕಥೆಯನ್ನು ದಿದಿ ದಾರಿಯುದ್ದಕ್ಕೂ ಹೇಳಿದರು. ಇಂದ್ರ ತಾಯಿಗಾಗಿ ಪಾರಿಜಾತ ಕೀಳಲು ಮನುಷ್ಯವೇಷದಲ್ಲಿ ಈ ಕಣಿವೆಗೆ ಇಳಿದ. ಊರವರು ಕಳ್ಳನೆಂದು ಕಟ್ಟಿಹಾಕಿದರು. ಹುಡುಕಿಕೊಂಡು ಬಂದ ತಾಯಿ, ಮಗನನ್ನು ಬಿಟ್ಟರೆ ಬೆಳೆಗೆ ಮಂಜು, ಇಬ್ಬನಿ ಕೊಡುತ್ತೇನೆ, ಆ ವರ್ಷ ಸತ್ತವರನ್ನು ಸ್ವರ್ಗಕ್ಕೆ ಕರೆದೊಯ್ಯುತ್ತೇನೆ ಎಂದಳಂತೆ. ಸತ್ಯಭಾಮೆಗಾಗಿ ಕೃಷ್ಣ ಇಂದ್ರನಿಂದ ಪಾರಿಜಾತ ತಂದ ಕಥೆ ಕೇಳಿ ಬೆಳೆದ ನನಗೆ, ಇಂದ್ರನೇ ಹೂವಿಗೆ ಕೈಹಾಕಿ ಸಿಕ್ಕಿಬಿದ್ದದ್ದು ಹೊಸದು. ಜಾತ್ರೆ ಮುಗಿಯುವ ಮೊದಲೇ ನಮ್ಮಲ್ಲಿ ಪಿತೃಪಕ್ಷ ಆರಂಭವಾಗುತ್ತದೆ ಎಂಬುದು ಆಮೇಲೆ ಹೊಳೆಯಿತು.

ಉಳಿದ ದಿನಗಳು ಗದ್ದಲದವು. ರಥ ನೋಡಲು ಈ ಸಲ ಚೌಕಕ್ಕೆ ಹೋಗದೆ ಲಗನ್‌ನ ಇಕ್ಕಟ್ಟು ಬೀದಿಯಲ್ಲಿ ನಿಂತೆ. ಗಣೇಶ, ಭೈರವ, ಕುಮಾರಿ, ಮೂರು ರಥಗಳೂ ಮೊಣಕೈ ತಾಗುವಷ್ಟು ಹತ್ತಿರ ಹಾದವು. ಶಾಕ್ಯ ಮನೆತನದ ಆ ಪುಟ್ಟ ಹುಡುಗಿ ಕಣ್ಣು ಮಿಟುಕಿಸದಂತೆ ಕುಳಿತಿದ್ದಳು. ಅವಳ ರಥೋತ್ಸವವನ್ನು ಆರಂಭಿಸಿದವನು 18ನೆಯ ಶತಮಾನದ ಅರಸ ಜಯಪ್ರಕಾಶ ಮಲ್ಲ. 1768ರಲ್ಲಿ ಇದೇ ಜಾತ್ರೆಯ ಸಮಯದಲ್ಲಿ ಗೋರ್ಖಾದ ಅರಸ ಪೃಥ್ವಿನಾರಾಯಣ ಶಾಹ ನಗರವನ್ನು ಗೆದ್ದ. ರಾತ್ರಿ ಪುಲುಕಿಸಿ, ಅಂದರೆ ಒಡೆಯ ಇಂದ್ರನನ್ನು ಹುಡುಕುವ ಬಿಳಿ ಐರಾವತದ ವೇಷ, ಗಲ್ಲಿಗಳಲ್ಲಿ ದಿಕ್ಕೆಟ್ಟು ಓಡುತ್ತಿತ್ತು. ಗೋಡೆಗೆ ಒತ್ತಿ ನಿಲ್ಲಿ, ಮಕ್ಕಳನ್ನು ಎತ್ತಿಕೊಳ್ಳಿ. ಶ್ವೇತಭೈರವನ ದೊಡ್ಡ ಮುಖಮೂರ್ತಿಯ ಬಾಯಿಂದ ಸುರಿಯುವ ಅಕ್ಕಿಯ ಹೆಂಡಕ್ಕೆ ಹುಡುಗರು ಒಬ್ಬರ ಮೇಲೊಬ್ಬರು ಹತ್ತುತ್ತಾರೆ. ಅಲ್ಲಿ ದೂರವಿರುವುದೇ ಲೇಸು.

ಸಮಯ್‌ಬಜಿಯನ್ನು ಮಾತ್ರ ತಪ್ಪಿಸಬೇಡಿ, ಅದು ನೇವಾರರ ಹಬ್ಬದ ಊಟ: ಅವಲಕ್ಕಿ, ಹುರಿದ ಕರಿ ಸೋಯಾಕಾಳು, ಹಸಿಶುಂಠಿ, ಬೇಳೆಯ ದೋಸೆಯಂಥ ಬಾರಾ, ಜೊತೆಗೆ ಮಾಂಸ, ಮೊಟ್ಟೆ. ಸಸ್ಯಾಹಾರಿಗಳು ಮೊದಲೇ ಹೇಳಿದರೆ ಮಾಂಸ ಬಿಟ್ಟು ಬಡಿಸುತ್ತಾರೆ. ಹೊರಡುವ ಬೆಳಿಗ್ಗೆ ದಿದಿ ಎರಡು ಎಲೆ ಹಾಕಿದರು. ಒಂದು ನನಗೆ. ಇನ್ನೊಂದನ್ನು ಕಿಟಕಿಯ ಪಕ್ಕ ಇಟ್ಟು, "ನಿಮ್ಮ ಅಮ್ಮನಿಗೆ ಶುಂಠಿ ಸೇರುತ್ತಿತ್ತೇ?" ಎಂದು ಕೇಳಿದರು.